ಲೆಫ್ಟಿನೆಂಟ್ ಗವರ್ನರಿಗೆ ಮಾವನ ಓಟು

ಇಡೀ ಕ್ಯಾಲಿಫೋರ್ನಿಯಾದಲ್ಲಿ ಲೆಫ್ಟಿನೆಂಟ್ ಗವರ್ನರ್ ಚುನಾವಣೆಗಾಗಿ ನಿದ್ದೆಗೆಟ್ಟವರು ಒಬ್ಬರೇ ಒಬ್ಬರಿದ್ದರೆ ಅದು ನನ್ನ ಸೋದರಮಾವ. ಅಭ್ಯರ್ಥಿಗಳೂ ಇಷ್ಟು ನಿದ್ದೆಗೆಟ್ಟಿರಲಿಕ್ಕಿಲ್ಲ, ದೇವರಾಣೆ!

ಮಾವ ಮಂಡ್ಯದವರು. ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಎಪ್ಪತ್ತಾರನೇ ವಯಸ್ಸಿನಲ್ಲಿ ಈ ದೇಶದ ಪೌರತ್ವ ಸಿಕ್ಕಿತು. ಅವತ್ತಿನಿಂದ ಇಲ್ಲಿನ ಮೊದಲ ಓಟಿನದೇ ಜಪ. ಸರಿ, ಗವರ್ನರ್ ಯಾರಾಗಬೇಕು ಅಂತ ತಲೆ ಕೆಡಿಸಿಕೊಳ್ಳಬಾರದೇ? ಊಹೂಂ!

"ಗವರ್ನರ್‌ನ ಎಲ್ರೂ ನೋಡ್ತಾರೆ ಕಣವ್ವ. ಅವ್ನು ರಾಜ್ಯ ಬಿಟ್ಟು ಹೊರಗೋದ್ರೆ ಎಲ್ಲ ನೋಡ್ಕಳೋನು ಈ ಲೆಫ್ಟಿನೆಂಟು. ನೀವು ಊರಿಗೋದಾಗ ನಿಮ್ಮ ಕರಿಬೇವಿನ ಗಿಡಕ್ಕೆ ನೀರು ಹಾಕೋರ್ಯಾರು?"

"ನೀವೇ ಮಾವ."

"ಮತ್ತೆ? ಸಾಮಾನ್ಯ ಕೆಲ್ಸ ಅಂದ್ಕಂಡ್ಯಾ?"

ನಾನು ಎದ್ದು ಕರಿಬೇವಿನ ಗಿಡಕ್ಕೆ ನೀರು ಹಾಕಲು ಹೋದೆ.

ಪ್ರಚಾರವೂ ಶುರುವಾಯಿತು. ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದವರನ್ನೆಲ್ಲ ಹಿಡಿದು ನಿಲ್ಲಿಸಿ ಓಟಿನ ಮಾತು! ಹಾಸನದ ಸಾಫ್ಟ್‌ವೇರ್ ಹುಡುಗನೊಬ್ಬ ಪಾಪ, ವಿನಯದಿಂದ, "ಆಯ್ತು ಅಂಕಲ್, ಯಾರಿಗೆ ಹಾಕ್ಲಿ?" ಅಂದ.

"ಅದನ್ನೆಲ್ಲ ಕೇಳ್ಬಾರ್ದು! ಓಟು ಅನ್ನೋದು ಗುಟ್ಟು!"

ಅಭ್ಯರ್ಥಿಯ ಹೆಸರೇ ಹೇಳದೆ ಪ್ರಚಾರ ಮಾಡುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಹುಡುಗ ಕೊತ್ತಂಬರಿ ಸೊಪ್ಪನ್ನೂ ಅಲ್ಲೇ ಬಿಟ್ಟು ಪರಾರಿಯಾದ.

ಮತಪತ್ರ ಅಂಚೆಯಲ್ಲಿ ಮನೆಗೇ ಬಂತು. ನಾನೂ ನನ್ನ ಗಂಡನೂ ಕಾಫಿ ಕುಡಿಯುತ್ತಾ ಗುರುತು ಹಾಕಿ ಕಳಿಸಿದೆವು. ಮಾವನ ಸಿಟ್ಟು ನೆತ್ತಿಗೇರಿತು. "ಚಡ್ಡಿ ಹಾಕ್ಕಂಡು ಮನೇಲಿ ಕೂತು ಓಟು ಹಾಕದಾ? ಸಾಲಲ್ಲಿ ನಿಂತು ಕೈಯಾರೆ ಹಾಕ್ಬೇಕು! ಎಪ್ಪತ್ತಾರು ವರ್ಷಕ್ಕೆ ಸಿಕ್ಕೈತೆ ನಂಗೆ, ಅಂಚೆ ಡಬ್ಬಕ್ಕೆ ಹಾಕ್ಲಾ?"

ಚುನಾವಣೆಯೇನೋ ಬಂತು. ಆದರೆ ಮಂಗಳವಾರ! ಬೆಳಗ್ಗೆ ಯಮಗಂಡಕಾಲ, ಆಮೇಲೆ ಗುಳಿಕಕಾಲ, ಮಧ್ಯಾಹ್ನ ಮೂರರಿಂದ ನಾಲ್ಕೂವರೆ ರಾಹುಕಾಲ. ಈ ಅಮೆರಿಕದವರಿಗೆ ಬೇರೆ ವಾರವೇ ಸಿಗಲಿಲ್ಲವೇ? ಮಾವ ರಾಹುಕಾಲ ಕಳೆಯುವುದನ್ನೇ ಕಾದು, ಹೊಸ ಬಿಳಿ ಶರ್ಟು ತೊಟ್ಟು, ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ನಾನು ಅವರಿಗೆ ಫೋನು ಮಾಡಿದೆ.

ನಾನು ರೆಡ್‌ವುಡ್ ಸಿಟಿಯ ಆಫೀಸಿನಲ್ಲಿದ್ದೆ. ಮಗಳಿಗೆ ಜ್ವರ, ವಾಂತಿ, ತಕ್ಷಣ ಬನ್ನಿ ಅಂತ ಡೇಕೇರಿನವರು ಕರೆದಿದ್ದರು. ಗಂಡ ಬೇರೆ ಊರಲ್ಲಿ. "ಮಾವ, ಸ್ವಲ್ಪ ಕರ್ಕೊಂಡ್ ಬರ್ತೀರಾ? ನಾನು ಈಗಲೇ ಹೊರಟೆ" ಅಂದೆ. ಹೊರಟಿದ್ದೂ ನಿಜವೇ. ಆದರೆ ಫ್ರೀವೇಯಲ್ಲಿ ಅಪಘಾತವಾಗಿ ಕಾರುಗಳೆಲ್ಲ ನಿಂತಲ್ಲೇ ನಿಂತಿದ್ದವು. ಮೂರು ಗಂಟೆ ಸ್ಟೀರಿಂಗ್ ಗುದ್ದಿಕೊಂಡು ಕೂತಿದ್ದೇ ಬಂತು.

ಮನೆ ಮುಟ್ಟಿದಾಗ ಎಂಟೂಕಾಲು. ಮತಗಟ್ಟೆ ಎಂಟಕ್ಕೇ ಮುಚ್ಚಿತ್ತು. ಮಾವ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದರು. ಹೊಸ ಶರ್ಟಿನ ತುಂಬ ವಾಂತಿಯ ಕಲೆ. ಮಗಳು ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

"ಮಾವ, ನಿಮ್ಮ ಓಟು..."

"ಶ್! ಈಗ ಕಣ್ಮುಚ್ಚವ್ಳೆ. ಕೆಳಗೆ ಮಲಗ್ಸಕ್ಕೋದ್ರೆ ಅಳ್ತಾಳೆ, ಏನ್ ಮಾಡ್ಲಿ? ಓಟು ಎಲ್ಲೋಯ್ತದೆ, ನಾಲ್ಕು ವರ್ಷಕ್ಕೆ ಮತ್ತೆ ಬತ್ತದೆ."

ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾಲ್ಕು ವರ್ಷಕ್ಕೆ ಮಾವನಿಗೆ ಎಂಬತ್ತು. ಅವರ ಕಾಲ ಬಳಿಯೇ ಕೂತು ಅತ್ತುಬಿಟ್ಟೆ.

"ನಾನೇ ಕರ್ಕೊಂಡ್ ಹೋಗ್ತೀನಿ ಮಾವ. ನೀವು ಇರ್ಬೇಕು, ಅಷ್ಟೆ."

"ಇರ್ತೀನಿ ಕಣವ್ವ" ಅಂದರು. ಬಿಡುವಾಗಿದ್ದ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಅಳ್ಬ್ಯಾಡ, ಮಗು ಎದ್ಬುಡ್ತದೆ" ಅಂದರು.