ಹಳೇ ನಂಬರಿನ ಅಜ್ಜಿ

ನನ್ನ ಮೊಮ್ಮಗಳು ಪಲ್ಲವಿಯ ಕೆಲಸ ಇವತ್ತು ಕಾಯಂ ಆಯಿತು! ಮೊದಲು ಇದನ್ನು ಹೇಳಿಬಿಟ್ಟೆ, ಇನ್ನು ಉಸಿರಾಡಬಹುದು. ಗರಿಯಾಹಾಟ್‌ನ ನಮ್ಮ ಕಟ್ಟಡದಲ್ಲಿ ಒಂದು ಬಾಗಿಲನ್ನೂ ಬಿಡದೆ ತಟ್ಟಿ ಹೇಳಿ ಬಂದೆ. ಏನು ಕೆಲಸ ಎಂದವರಿಗೆಲ್ಲ ಪುಸ್ತಕ ಬರೆಯುತ್ತಾಳೆ ಎಂದೆ. ಪಕ್ಕದ ಮನೆಯ ಬಂಗಾಳಿ ಹೆಂಗಸು, ನಾವೆಲ್ಲ ಮಾಶಿಮಾ ಅನ್ನುವವರು, "ಏಕ್ ಹಮ್‌ಕೋ ಭೀ ದೀಜಿಯೇ ದೀದಿ, ದೋಪಹರ್ ಮೇ ಪಢೂಂಗಿ" ಎಂದು ಕೈಯನ್ನೇ ಚಾಚಿದರು. ಅದು ಮಧ್ಯಾಹ್ನ ಮಲಗಿಕೊಂಡು ಓದುವ ಪುಸ್ತಕವಲ್ಲ ಎಂದು ಬಿಡಿಸಿ ಹೇಳುವಷ್ಟು ಹಿಂದಿ ನನಗೆಲ್ಲಿ ಬರಬೇಕು? ದೊಡ್ಡದಾಗಿ ತಲೆಯಾಡಿಸಿ ಬಂದೆ.

ನಾನು ಓದಿದ್ದು ಮೂರನೇ ಕ್ಲಾಸು. ನನಗೆ ಅರ್ಥವಾಗಿದ್ದು ಇಷ್ಟು: ಪಾರ್ಕ್ ಸ್ಟ್ರೀಟಿನ ಅವಳ ಆಫೀಸಿನವರು ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಮಾಡುತ್ತಾರೆ, ಅದನ್ನು ಬಳಸುವುದು ಹೇಗೆಂದು ಇವಳು ಬರೆಯುತ್ತಾಳೆ. ಪ್ರೋಗ್ರಾಂ ರಿಪೇರಿಯಾದಾಗಲೆಲ್ಲ ಅದಕ್ಕೊಂದು ಹೊಸ ನಂಬರು. ಆ ನಂಬರು ಪುಸ್ತಕದ ತುಂಬ ಬದಲಾಗಬೇಕು. ಹೋದ ಸಲ ಒಂದು ಪುಟದಲ್ಲಿ ಹಳೆಯದೇ ಉಳಿದುಬಿಟ್ಟಿತಂತೆ. ಅದನ್ನು ನಂಬಿದ ಗಿರಾಕಿಗಳು ಹಳೇ ಪ್ರೋಗ್ರಾಂ ಹಾಕಿಕೊಂಡು, ಇಲ್ಲದ ಬಟನ್ನಿಗಾಗಿ ಹುಡುಕಾಡಿ, ಆಫೀಸಿಗೆ ಫೋನಿನ ಮೇಲೆ ಫೋನು. "ಇನ್ನೊಂದ್ಸಲ ಹೀಗಾದ್ರೆ ಕನ್ಫರ್ಮ್ ಮಾಡಲ್ಲ ಅಂದಿದಾರೆ, ಅಜ್ಜಿ" ಎಂದು ಮಗು ತಟ್ಟೆ ಸರಿಸಿ ಎದ್ದಿತ್ತು.

"ಒಂದು ನಂಬರಿಗೆ ಇಷ್ಟು ರಾದ್ಧಾಂತವೇನೇ?" ಎಂದೆ.

"ನಿನ್ನ ಏಕಾದಶಿ ನೆನಪಿದ್ಯಾ?"

ಮರೆಯುವುದುಂಟೆ! ನಮ್ಮ ಮನೆಯಲ್ಲಿ ಕೋಣೆಗೊಂದು ಕ್ಯಾಲೆಂಡರ್. ತಿಂಗಳಾದಾಗ ಹಾಲಿನದನ್ನು ಮಗ ಗಿರೀಶ ತಿರುವುತ್ತಾನೆ. ಅಡುಗೆಮನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಅದನ್ನೇ ನೋಡಿ, ಹೋದ ತಿಂಗಳ ಏಕಾದಶಿಯನ್ನು ಈ ತಿಂಗಳು ತೊಟ್ಟು ನೀರೂ ಮುಟ್ಟದೆ ಆಚರಿಸಿದೆ. ನಿಜವಾದ ಏಕಾದಶಿಯ ದಿನ ಎರಡು ಸಲ ಹಾಕಿಸಿಕೊಂಡು ಪುಳಿಯೋಗರೆ ತಿಂದಿದ್ದೆ.

"ಸೇಮ್ ಪ್ರಾಬ್ಲಮ್" ಎಂದಳು ಪಲ್ಲವಿ. ಆಮೇಲೆ ಹಟ ಹಿಡಿದು ಕೂತಳು ನೋಡಿ. ನಂಬರನ್ನು ಒಂದೇ ಕಡೆ ಬರೆದರೆ ಸಾಕು, ಮಿಕ್ಕ ಪುಟಗಳೆಲ್ಲ ಅಲ್ಲಿಂದಲೇ ತೆಗೆದುಕೊಳ್ಳುವಂತೆ ಮಾಡಿದಳು. ಎಲ್ಲಾದರೂ ಹಳೆಯದು ಅಡಗಿ ಕೂತಿದ್ದರೆ ಪುಸ್ತಕ ಹೊಸ್ತಿಲೇ ದಾಟದು! ಹಾಲಿನ ಕ್ಯಾಲೆಂಡರ್ ತಿರುವಿದರೆ ಅಡುಗೆಮನೆಯದೂ ತಾನಾಗಿ ತಿರುಗಿದ ಹಾಗೆ. ಯಾರ ಮೊಮ್ಮಗಳು ಹೇಳಿ! ಹೊಸ ನಂಬರಿನ ಪುಸ್ತಕ ಹೊರಟಿತು, ಒಂದೂ ದೂರು ಬರಲಿಲ್ಲ. ಇವತ್ತು ಮ್ಯಾನೇಜರೇ ಕರೆದು ಕಾಯಂ ಎಂದರಂತೆ.

ಸಂಜೆ ಮಗ, ಸೊಸೆ, ಪಲ್ಲವಿ, ನಾನು ಒಟ್ಟಿಗೆ ಊಟಕ್ಕೆ ಕೂತೆವು. ನಡುವೆ ಮಾಶಿಮಾ ಕಳಿಸಿದ ಸಂದೇಶ್ ಮಿಠಾಯಿಯ ಡಬ್ಬಿ. ನಾನು ಎದೆಯುಬ್ಬಿಸಿ ಶಾವಿಗೆ ಪಾಯಸ ಬಡಿಸಿದೆ.

"ಅಜ್ಜಿ, ನಂಗೆ ದ್ರಾಕ್ಷಿನೇ ಹಾಕಿಲ್ಲ?"

"ನಿನಗೆ ಸೇರಲ್ವಲ್ಲೇ! ಥೂ ಅಂತ ಉಗೀತಿದ್ದೆ."

"ಅದು ಯುಕೆಜಿಲಿ! ಈಗ ಐ ಲವ್ ದ್ರಾಕ್ಷಿ!"

"ಅಮ್ಮನ ಪುಸ್ತಕದಲ್ಲಿ ಇನ್ನೂ ಹಳೇ ನಂಬರೇ ಇದೆ" ಎಂದ ಗಿರೀಶ. ಸೊಸೆಗೆ ನಗು ತಡೆಯಲಾಗದೆ ನೆತ್ತಿಗೇರಿತು. ಅಷ್ಟರಲ್ಲೇ ಪಲ್ಲವಿಯ ಚಮಚ ನನ್ನ ಬಟ್ಟಲಿಗಿಳಿದು, ತುಪ್ಪದಲ್ಲಿ ಉಬ್ಬಿದ ದ್ರಾಕ್ಷಿಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿತ್ತು. ನಾನು ಬಟ್ಟಲನ್ನು ಅವಳ ಕಡೆಗೇ ಇನ್ನಷ್ಟು ಸರಿಸಿದೆ.