ಹೊಸ ಅಕ್ಕಿ ಊಟಕ್ಕೆ ಡಾಕ್ಟರಮ್ಮನ ಒಪ್ಪಿಗೆ

ನಮ್ಮ ಕುಟುಂಬದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಬಂಟ್ವಾಳದ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಲೇ ಅಂಚೆ ಮೂಲಕ ಬಿ.ಕಾಂ. ಮುಗಿಸಿದವನಿಗೆ ಸಕ್ಕರೆ ಕಾಯಿಲೆ ಯಾವ ಲೆಕ್ಕ?

ಮೂಡುಬಿದಿರೆಯ ಡಾಕ್ಟರಮ್ಮ ಹೇಳಿದರು: "ಅನ್ನ, ದೋಸೆ ಬಿಡಿ. ಮೊಟ್ಟೆ, ಮೀನು, ಬಸಳೆ ತಿನ್ನಿ. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿದ್ರೆ ಒಂದು ಮಾತ್ರೆ ಕಡಿಮೆ ಮಾಡುವ."

ಆ ಒಂದು ಮಾತ್ರೆಯೇ ನನ್ನ ಎರಡನೇ ಡಿಗ್ರಿ ಎಂದು ಹೊರಟೆ! ಹೆಂಡತಿ ಶಾರದಾ ಅನ್ನದ ಬದಲು ಹೂಕೋಸು ತುರಿದು ಬಡಿಸುತ್ತಿದ್ದಳು. ತಿಂದು ಜಗಲಿಯಲ್ಲಿ ಒರಗಿದರೆ ಆಕಾಶದಲ್ಲಿ ಕುಚ್ಚಲಕ್ಕಿ ಗಂಜಿ ನಿಧಾನಕ್ಕೆ ತೇಲುತ್ತಿತ್ತು. ಅಕ್ಕಿಯ ಪುಂಡಿ ಕಡುಬಿನಷ್ಟು ದುಂಡಗಿನ ಮೋಡವೊಂದು ಹಬೆಯಾಡುತ್ತಾ ನನ್ನ ಕಡೆಗೇ ಬರುತ್ತಿತ್ತು. ಬಾಯಿ ತೆರೆದು ಕಾಯುತ್ತಿದ್ದೆ.

"ನೊಣ ಹೋಗ್ತದೆ, ಮುಚ್ಚಿ!" ಎನ್ನುತ್ತಿದ್ದಳು ಶಾರದಾ.

ಪರೀಕ್ಷೆಯ ಮುಂಚಿನ ದಿನವೇ ನಾರಾವಿಯ ಕುಟುಂಬದ ಮನೆಯಲ್ಲಿ ಹೊಸ ಅಕ್ಕಿ ಊಟ, ವರ್ಷದ ಹೊಸ ಬೆಳೆಯ ಮೊದಲ ಅನ್ನ. ಮೊದಲ ತುತ್ತಿಗೆ ಮುಂಚೆ "ಹೊಸ ಊಟ ಮಾಡ್ತೇನೆ" ಎಂದು ಹಿರಿಯರನ್ನು ಕೇಳಬೇಕು. ಅವರು "ಮಾಡು" ಎನ್ನಬೇಕು. ಬೇಡ ಎನ್ನುವ ಕ್ರಮ ನಮ್ಮಲ್ಲಿಲ್ಲ.

ಮಾವನನ್ನು ಕೇಳಿದೆ. "ಮಾಡು ಮಾರಾಯ."

ದೊಡ್ಡಮ್ಮನನ್ನು ಕೇಳಿದೆ. "ಮಾಡು ಮಗಾ, ಎಷ್ಟು ಸೊರಗಿದ್ದೀಯ!"

ಶಾರದಾಳನ್ನು ಕೇಳಲಿಲ್ಲ. ಅವಳು ನನಗಿಂತ ಕಿರಿಯಳು. ಆಗ ನನ್ನೊಳಗಿನ ಪದವೀಧರ ಎಚ್ಚರಗೊಂಡ. ಡಾಕ್ಟರಮ್ಮನ ಹುಟ್ಟೂರು ಬೆಳ್ತಂಗಡಿ, ಅವರ ಮನೆಯಲ್ಲೂ ಇದೇ ಕ್ರಮ, ಬೇಡ ಎನ್ನಲಾರರು! ಫೋನ್ ಮಾಡಿದೆ.

"ಡಾಕ್ಟ್ರೇ, ಹೊಸ ಊಟ ಮಾಡ್ತೇನೆ."

"ಓ, ನಿಮ್ಮಲ್ಲಿ ಇವತ್ತಾ? ಆಯ್ತು, ಮಾಡಿ. ಆದರೆ..."

ಫೋನ್ ಇಟ್ಟೆ.

ಅನಂತರ ನಡೆದದ್ದೆಲ್ಲ ವೈದ್ಯಕೀಯ ಮಾರ್ಗದರ್ಶನದಲ್ಲೇ. ಎಲೆಯಲ್ಲಿ ಅನ್ನದ ಗುಡ್ಡ ಎದ್ದಿತು, ಕರಗಿತು, ಮತ್ತೆ ಎದ್ದಿತು. ಪಾಯಸವೂ ಹೊಸ ಅಕ್ಕಿಯದ್ದೇ. ಅದಕ್ಕೆ ಬೇರೆ ಒಪ್ಪಿಗೆ ಯಾಕೆ? ವಾಪಸು ಬರುವಾಗ ಬಸ್ಸಿನ ಚಕ್ರ ನೆಲ ಮುಟ್ಟಲೇ ಇಲ್ಲ. ನಮ್ಮೂರು ಶಿರ್ತಾಡಿಯಲ್ಲಿ ಇಳಿಯಲು ಶಾರದಾ ಎಬ್ಬಿಸಿದಳಂತೆ. ನಾನು "ಇನ್ನೊಂದು ಸೌಟು" ಅಂದೆನಂತೆ!

ಮರುದಿನ ಡಾಕ್ಟರಮ್ಮ ರಿಪೋರ್ಟನ್ನೂ ನನ್ನನ್ನೂ ನೋಡಿದರು.

"ನೀವೇ ಮಾಡಿ ಅಂದದ್ದಲ್ವಾ?" ಎಂದೆ ಗಂಭೀರವಾಗಿ.

"ಒಂದೇ ತುತ್ತು ಅನ್ನುವಷ್ಟರಲ್ಲಿ ಫೋನ್ ಇಟ್ರಿ. ಮಾತ್ರೆ ಕಡಿಮೆ ಮಾಡುವ ಹಾಗಿಲ್ಲ. ಇನ್ನು ಏನು ತಿನ್ನುವುದಿದ್ರೂ ಕೇಳಿಯೇ ತಿನ್ನಿ."

"ನಿಮ್ಮನ್ನಾ?"

"ನನ್ನನ್ನಲ್ಲ, ಇವರನ್ನು." ಶಾರದಾಳನ್ನು ತೋರಿಸಿದರು.

ಹೊರಗೆ ಬಂದವನೇ ಮೆತ್ತಗೆ ಕೇಳಿದೆ. "ಶಾರದಾ, ಹೋಟೆಲಿಗೆ ಹೋಗುವಾ?"

"ಹೋಗುವ. ನಾನು ತಿಂತೇನೆ, ನೀವು ಕೂತ್ಕೊಳ್ಳಿ."

ಗೋಳಿಬಜೆ ಬಂತು. ಅವಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಗೋಳಿಬಜೆಯ ಹಬೆಯನ್ನು ಮೂಗಿನಿಂದ ಸೇವಿಸಿದೆ. ಅಷ್ಟಕ್ಕೆ ಅಪ್ಪಣೆ ಸಿಕ್ಕಿತ್ತು!