ಝುಂ ಅನ್ನುವ ಕಂಬ

ಇಚಲಕರಂಜಿಯಲ್ಲಿ ಸುಕುಮಾರನ ಮಗ್ಗದ ಶೆಡ್ಡಿಗೆ ಕರೆಂಟು ಬಂದು ವಾರವಾಗಿತ್ತು. ಅದರ ಬೆನ್ನಿಗೇ ನಡುವಿನ ಕಬ್ಬಿಣದ ಕಂಬಕ್ಕೆ ಒಂದು ಕೆಟ್ಟ ಚಾಳಿಯೂ ಅಂಟಿತ್ತು: ಬರಿಗಾಲಲ್ಲಿ ನಿಂತು ಮುಟ್ಟಿದರೆ ಝುಂ ಅನ್ನುವುದು. ಸಂಜೆ ಕರೆಂಟಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರ ಕೈಗೂ ಝುಂ ಅಂದರೆ ಕರೆಂಟು ಬಂದ್, ಮಗ್ಗವೂ ಬಂದ್.

ಇಷ್ಟು ಸಾಲದೆಂಬಂತೆ ಪಕ್ಕದ ಮನೆಯ ನಾಗೂಬಾಯಿ ಮೊನ್ನೆ ಆ ಕಂಬಕ್ಕೆ ಕೈ ಆನಿಸಿದ್ದಳು. ವರ್ಷದಿಂದ ಮೇಲೇಳದ ತೋಳು ಚಟ್ಟನೆ ಎದ್ದಿತ್ತು. ಮರುದಿನ ಓಣಿಯ ಹೆಂಗಸರೆಲ್ಲ ಬಂದು, ಕಂಬಕ್ಕೆ ನೀರೆರೆದು, ಕುಂಕುಮ ಹಚ್ಚಿ, ಸೊಂಟ ಮೊಣಕಾಲು ಆನಿಸತೊಡಗಿದರು. ಬಸದಿಗೆ ಹೋಗಿಬರುವ ಸುಕುಮಾರನಿಗೆ ತನ್ನ ಶೆಡ್ಡೇ ಗುಡಿಯಾದದ್ದು ಕಂಡು ತಲೆ ಕೆಟ್ಟಿತು.

ಬೆಳಿಗ್ಗೆ ವಾಯರಮನ್ ಜೋತಿಬಾ ಬಂದು ಹಿತ್ತಲಲ್ಲಿ ಗುಂಡಿ ತೋಡಿದ. ಇದ್ದಿಲು, ಉಪ್ಪಿನ ನಡುವೆ ತಾಮ್ರದ ತಗಡು ಹೂತು, ಅದರ ತಂತಿಯನ್ನು ಕಂಬಕ್ಕೆ ಬಿಗಿದ.

"ಇನ್ನ ಕಂಬಕ್ಕ ಬಂದ ಕರೆಂಟು ಸೀದಾ ನೆಲಕ್ಕ ಹೋಗತೈತ್ರಿ, ಮಾಲಕ."

ಸುಕುಮಾರ ಚಪ್ಪಲಿ ಬಿಟ್ಟು ಮುಟ್ಟಿ ನೋಡಿದ. ಕಂಬ ಸುಮ್ಮನಿತ್ತು. ಅವನ ಜೀವ ತಣ್ಣಗಾಯಿತು.

ಮಧ್ಯಾಹ್ನ ನಾಗೂಬಾಯಿ ಕಂಬ ಹಿಡಿದವಳೇ ಕೂಗಿದಳು. "ದೇವರನ್ನ ತಂತಿಲೆ ಕಟ್ಟಿ ಹಾಕೀರೇನ್ರಿ, ಸುಕುಮಾರಣ್ಣಾ?"

"ಅದು ದೇವರಲ್ಲವ್ವಾ, ಕರೆಂಟು! ಒಂದಿನ ಸಾಯ್ತೀರಿ!"

"ಸಾಯೂದಿದ್ರ ಮೊನ್ನೇನ ಸಾಯತಿದ್ದೆ. ಈ ಕೈ ನೋಡ್ರಿ, ಹ್ಯಾಂಗ ಏಳತೈತಿ!"

ಇವಳೊಡನೆ ವಾದಿಸುವುದು ಗೋಡೆಗೆ ತಲೆ ಚಚ್ಚಿಕೊಂಡಂತೆ ಎಂದು ಸುಕುಮಾರ ಊಟಕ್ಕೆ ಹೋದ. ಹೋಗಬಾರದಿತ್ತು.

ಸಂಜೆ ಸಾಹೇಬರು ಬಂದರು. ಕಾಲಲ್ಲಿ ದಪ್ಪ ರಬ್ಬರಿನ ಬೂಟು. ಬಲಗೈ ಎದೆಗೆ ಒತ್ತಿಕೊಂಡಿತ್ತು.

"ವಾಯು ಹಿಡದೈತ್ರಿ, ಮ್ಯಾಲೆ ಏಳವಲ್ದು" ಅನ್ನುತ್ತ ಎಡಗೈಯಿಂದ ಕಂಬ ಮುಟ್ಟಿದರು. "ಭಾಳ ಛಲೋ ಐತಿ. ತರ್ರಿ ಕಾಗದ, ಸಹಿ ಹಾಕತೇನಿ."

ಸುಕುಮಾರ ಹಿಗ್ಗಿ ಕಾಗದಕ್ಕೆ ಕೈಹಾಕಿದ. ಅಷ್ಟರಲ್ಲಿ ಬಾಗಿಲಿಂದ ನಾಗೂಬಾಯಿಯ ದನಿ ಕೇಳಿತು.

"ಬೂಟು ಹಾಕ್ಕೊಂಡು ದೇವರ ಮುಟ್ಟತಾರೇನ್ರಿ ಸಾಹೇಬ್ರ? ಅದೂ ಎಡಗೈಲೆ!"

ಸಾಹೇಬರು ಕುಂಕುಮ ಕಂಡರು. ದೈವಭಕ್ತರು, ಗಲ್ಲ ಬಡಿದುಕೊಂಡು, ಬೂಟು ಬಿಚ್ಚಿ, ಹೆಂಗಸರೆರೆದ ನೀರಲ್ಲಿ ಬರಿಗಾಲೂರಿ, ನೋಯುವ ಬಲಗೈಯನ್ನೇ ಭಕ್ತಿಯಿಂದ ಕಂಬಕ್ಕೆ ಚಾಚಿದರು.

ಮರುಕ್ಷಣ ಮಾರುದೂರ ಹಾರಿದರು.

"ತಂತಿ ಎಲ್ಲಿ ಐತ್ರಿ?" ಎಂದು ಸಾಹೇಬರು ಚೀರಿದರು.

"ನಾನ ಬಿಚ್ಚೇನ್ರಿ" ಎಂದಳು ನಾಗೂಬಾಯಿ ಹೆಮ್ಮೆಯಿಂದ. "ದೇವರನ್ನ ಕಟ್ಟಿ ಹಾಕೂದು ಪಾಪರೀ."

ಸುಕುಮಾರ ಕೈಮುಗಿದ, ಅಂಗಲಾಚಿದ. ಸಾಹೇಬರು ಕೇಳಲಿಲ್ಲ. ದಡದಡ ಗೋಡೆಯ ಬಳಿ ಹೋಗಿ, ಕೈ ಮೇಲೆತ್ತಿ, ತಲೆಗಿಂತ ಎತ್ತರದಲ್ಲಿದ್ದ ಫ್ಯೂಜು ಕಿತ್ತರು.

ಮಗ್ಗಗಳು ನಿಂತವು. ಆದರೂ ಯಾರೂ ಮಗ್ಗದ ಕಡೆ ನೋಡಲಿಲ್ಲ. ಎಲ್ಲರೂ ನೋಡುತ್ತಿದ್ದುದು ಸಾಹೇಬರ ಬಲಗೈಯನ್ನು. ಸಾಹೇಬರೂ ಅದನ್ನೇ ನೋಡುತ್ತಿದ್ದರು.

"ನಾ ಹೇಳಲಿಲ್ಲೇನ್ರಿ, ಸುಕುಮಾರಣ್ಣಾ?" ಎಂದಳು ನಾಗೂಬಾಯಿ.